ನಾವು ಮರೆತ ನಾಲ್ಕನೆಯ ಅಭಕ್ಷ್ಯ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ನಮ್ಮೂರಿನ ಬಸದಿಯ ಧ್ವನಿವರ್ಧಕದಿಂದ ಒಂದು ಪಟ್ಟಿಯನ್ನು ಓದುವ ರೂಢಿ ಬಹುಕಾಲ ನಡೆದುಬಂದಿತ್ತು. ಯಾರು ಯಾರು ಎಷ್ಟೆಷ್ಟು ಉಪವಾಸ ಮಾಡಿದ್ದಾರೆ, ಯಾರು ಏಕಭುಕ್ತದಲ್ಲಿದ್ದಾರೆ ಎಂಬುದೇ ಆ ಪಟ್ಟಿ. ಟ್ರಸ್ಟಿನ ಖಜಾಂಚಿಯಾಗಿದ್ದ ನಾನೇ ಅದನ್ನು ಓದುತ್ತಿದ್ದೆ. ಹೆಸರು ಕೇಳಿದವರ ಮುಖ ಅರಳುವುದನ್ನು ಕಂಡು ಧರ್ಮಪ್ರಭಾವನೆ ಮಾಡಿದೆನೆಂಬ ತೃಪ್ತಿ ನನ್ನದಾಗಿತ್ತು. ಹೆಸರಿಲ್ಲದವರ ಮುಖವನ್ನು ನಾನು ನೋಡಿರಲಿಲ್ಲ.

ಒಂದು ವರ್ಷ ನನ್ನ ಅತ್ತಿಗೆಯವರ ಹೆಸರು ಆ ಪಟ್ಟಿಯಲ್ಲಿ ಬಂದಿತು. ಅವರಿಗೆ ಎಪ್ಪತ್ತು ಸಮೀಪಿಸಿತ್ತು. ಹಲವು ವರ್ಷಗಳಿಂದ ಮಧುಮೇಹಕ್ಕೆ ಮಾತ್ರೆ ನುಂಗುತ್ತಿದ್ದರು. ಉಪವಾಸವಾದರೂ ಮಾತ್ರೆ ಬಿಡಬಾರದೆಂದು ಯಾರೋ ಹೇಳಿದ್ದರಿಂದ, ಬೆಳಿಗ್ಗೆ ಕಾಯಿಸಿ ಆರಿಸಿದ ನೀರಿನಲ್ಲಿ ಅದನ್ನು ತೆಗೆದುಕೊಂಡು ಬೇರೇನನ್ನೂ ಮುಟ್ಟದೆ ಬಸದಿಗೆ ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಬೆವತು, ಮಾತು ತೊದಲಿ, ಪ್ರದಕ್ಷಿಣೆಯ ಹಾದಿಯಲ್ಲಿಯೇ ಕುಸಿದು ಕುಳಿತರು. ಇನ್ನೂ ಎಚ್ಚರವಿತ್ತು. ಒಬ್ಬರು ಬೆಲ್ಲದ ನೀರು ತರಲು ಓಡಿದರು. ಮತ್ತೊಬ್ಬರು, "ಬೇಡ, ವ್ರತಭಂಗವಾದೀತು" ಎಂದು ತಡೆದರು. ಆ ಚರ್ಚೆಯಲ್ಲಿ ಕಳೆದುಹೋದ ಹತ್ತು ನಿಮಿಷಗಳನ್ನು ನಾನು ಇಂದಿಗೂ ಮರೆತಿಲ್ಲ. ಆಸ್ಪತ್ರೆಯಲ್ಲಿ ಅಳೆದಾಗ ರಕ್ತದ ಸಕ್ಕರೆ ೪೨ ಮಿಲಿಗ್ರಾಂಗೆ ಇಳಿದಿತ್ತು. ೭೦ಕ್ಕಿಂತ ಕೆಳಗಿಳಿದರೇ ಅಪಾಯವೆಂದು ವೈದ್ಯರು ತಿಳಿಸಿದರು. ಅದೃಷ್ಟವಶಾತ್ ಅತ್ತಿಗೆ ಉಳಿದರು. ಮೈ ಸರಿಹೋದ ಮೇಲೆ, ಇಷ್ಟು ಹಟವೇಕೆ ಮಾಡಿದಿರಿ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ನೋಡಪ್ಪಾ, ಹೋದ ವರ್ಷ ನೀನು ಎಲ್ಲರ ಹೆಸರೂ ಓದಿದೆ. ನಮ್ಮ ಮನೆಯದೊಂದೇ ಇರಲಿಲ್ಲ."

ಆ ಮಾತು ನನ್ನನ್ನು ಶಾಸ್ತ್ರಗ್ರಂಥಗಳ ಕಡೆಗೆ ಮತ್ತೆ ಅಟ್ಟಿತು. ಒಬ್ಬೊಬ್ಬರ ದೇಹಕ್ಕೂ ಒಂದೊಂದು ಅಳತೆ ಉಂಟೆಂಬುದನ್ನು ನಮ್ಮ ಪೂರ್ವಾಚಾರ್ಯರು ಅರಿತಿರಲಿಲ್ಲವೇ? ಅರಿತಿದ್ದರು ಎಂಬುದು ನಾನು ಕಂಡುಕೊಂಡ ಉತ್ತರ. ನಾನು ಪಂಡಿತನಲ್ಲ, ವಾಣಿಜ್ಯ ಓದಿ ಅಂಗಡಿಯಲ್ಲಿ ಕುಳಿತವನು. ತಕ್ಕಡಿಯ ಭಾಷೆ ನನಗೆ ಗೊತ್ತು. ಆ ಭಾಷೆಯಲ್ಲಿಯೇ ಕೆಲವು ಸಂಗತಿಗಳನ್ನು ಓದುಗರ ಮುಂದೆ ನಿವೇದಿಸುತ್ತೇನೆ.

ಶಿಲೆಯ ಮೇಲೆ ಒಂದು ರೋಗದ ಹೆಸರು

ಶ್ರವಣಬೆಳಗೊಳದ ಚಂದ್ರಗಿರಿಯನ್ನು ಹತ್ತಿದವರು ಪಾರ್ಶ್ವನಾಥ ಬಸದಿಯನ್ನು ನೋಡಿರುತ್ತಾರೆ. ಅಲ್ಲಿನ ಕಂಬವೊಂದರ ಮೇಲೆ ಮಲ್ಲಿಷೇಣ ಪ್ರಶಸ್ತಿ ಎಂದು ಪ್ರಸಿದ್ಧವಾದ ಸಂಸ್ಕೃತ ಶಾಸನವಿದೆ. ಅದರ ಕಾಲ ಶಕವರ್ಷ ೧೦೫೦, ಅಂದರೆ ಕ್ರಿ.ಶ. ೧೧೨೮–೨೯. ಮಲ್ಲಿಷೇಣ ಮುನಿಗಳು ಸಲ್ಲೇಖನದಿಂದ ದೇಹತ್ಯಾಗ ಮಾಡಿದುದರ ಸ್ಮಾರಕವಾದ ಈ ಶಾಸನ ಹಿಂದಿನ ಆಚಾರ್ಯರ ದೀರ್ಘ ಪರಂಪರೆಯನ್ನು ಸ್ತುತಿಸುತ್ತದೆ. ಅವರಲ್ಲಿ ಸಮಂತಭದ್ರಾಚಾರ್ಯರೂ ಒಬ್ಬರು. ವಾದಿಗಳನ್ನು ಗೆದ್ದವರೆಂದು ಅವರನ್ನು ಹೊಗಳುವ ಜೊತೆಗೆ, ಭಸ್ಮಕವೆಂಬ ವ್ಯಾಧಿಯನ್ನೇ ಭಸ್ಮ ಮಾಡಿದ ಸಮರ್ಥರೆಂದೂ ಶಾಸನ ಕೊಂಡಾಡುತ್ತದೆ.

ಇದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಆಹಾರತ್ಯಾಗದಿಂದ ಮುಕ್ತಾಯಗೊಂಡ ಒಂದು ಜೀವನದ ಸ್ಮಾರಕಶಿಲೆಯ ಮೇಲೆಯೇ, ಆಹಾರವನ್ನು ಉಂಡು ರೋಗ ಗೆದ್ದ ಮತ್ತೊಂದು ಜೀವನದ ಸ್ಮರಣೆಯೂ ಇದೆ. ನಮ್ಮ ಹಿರಿಯರಿಗೆ ಇವೆರಡರಲ್ಲಿ ವಿರೋಧ ಕಾಣಲಿಲ್ಲ.

ಸಮಂತಭದ್ರರ ಕಾಲವನ್ನು ಸಂಪ್ರದಾಯವು ಕ್ರಿ.ಶ. ೨ನೆಯ ಶತಮಾನವೆನ್ನುತ್ತದೆ, ವಿದ್ವಾಂಸರಲ್ಲಿ ಕೆಲವರು ಅದಕ್ಕಿಂತ ಈಚೆಗೆ ತರುತ್ತಾರೆ. ಹೇಗಿದ್ದರೂ ಶಾಸನ ಅವರಿಗಿಂತ ಹಲವು ಶತಮಾನ ಈಚಿನದು. ಕಥೆಯ ವಿವರಗಳು ಪ್ರಭಾಚಂದ್ರ, ನೇಮಿದತ್ತರ ಕಥಾಕೋಶಗಳಲ್ಲಿಯೂ, ೧೯ನೆಯ ಶತಮಾನದ ಮೊದಲ ಭಾಗದಲ್ಲಿ ಕನಕಗಿರಿಯ ದೇವಚಂದ್ರನು ಕನ್ನಡದಲ್ಲಿ ಬರೆದ ರಾಜಾವಳಿಕಥೆಯಲ್ಲಿಯೂ ದೊರೆಯುತ್ತವೆ. ಊರಿನ ಹೆಸರಿನಲ್ಲಿ ಇವು ಒಂದಾಗುವುದಿಲ್ಲ. ಒಂದರಲ್ಲಿ ಕಂಚಿ, ಮತ್ತೊಂದರಲ್ಲಿ ವಾರಾಣಸಿ. ಆದ್ದರಿಂದ ಪ್ರತಿ ವಿವರವನ್ನೂ ಇತಿಹಾಸವೆಂದು ನಾನು ಸಾಧಿಸುವುದಿಲ್ಲ. ಇಂತಹ ಕಥೆಯನ್ನು ನಮ್ಮ ಸಮಾಜ ಶತಮಾನಗಳ ಕಾಲ ಗೌರವದಿಂದ ಕಾಪಾಡಿಕೊಂಡು ಬಂದಿತೆಂಬುದು ಮಾತ್ರ ನಿಸ್ಸಂದೇಹವಾದ ಇತಿಹಾಸ.

ಗುರುವಿನ ಅಪ್ಪಣೆ

ಕಥೆಯ ಸಾರ ಹೀಗಿದೆ. ಘೋರ ತಪಸ್ಸಿನಲ್ಲಿದ್ದ ಸಮಂತಭದ್ರ ಮುನಿಗಳಿಗೆ ಭಸ್ಮಕ ವ್ಯಾಧಿ ತಗುಲಿತು. ಉಂಡದ್ದೆಲ್ಲ ಕ್ಷಣದಲ್ಲಿ ಉರಿದು ಬೂದಿಯಾದಂತೆ ಹಸಿವು ಹೆಚ್ಚುತ್ತಲೇ ಇತ್ತು, ದೇಹ ಕರಗುತ್ತಲೇ ಇತ್ತು. ದಿನಕ್ಕೊಮ್ಮೆ ನಿಂತು ಕೈಯಲ್ಲಿ ಆಹಾರ ಸ್ವೀಕರಿಸುವ ಮುನಿಧರ್ಮದಲ್ಲಿ ಆ ಹಸಿವಿಗೆ ಪರಿಹಾರವಿರಲಿಲ್ಲ. ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಬಹಳವಿದೆ. ಮುನಿವೇಷವನ್ನು ಬಿಡು, ಎಲ್ಲಿ ಎಷ್ಟು ಆಹಾರ ದೊರೆಯುವುದೋ ಅಲ್ಲಿ ಉಂಡು ರೋಗವನ್ನು ಶಮನ ಮಾಡಿಕೋ, ಆಮೇಲೆ ಮರಳಿ ದೀಕ್ಷೆ ತೆಗೆದುಕೋ ಎಂದು ಅಪ್ಪಣೆ ಕೊಟ್ಟರು.

ಶಿಷ್ಯನಿಗೆ ಇದು ಮರಣಕ್ಕಿಂತ ಕಠಿಣವಾಗಿದ್ದಿರಬೇಕು. ಆದರೂ ಪಾಲಿಸಿದರು. ಶಿವಕೋಟಿ ರಾಜನ ಶಿವಾಲಯದಲ್ಲಿ ದೇವರಿಗೆ ಅರ್ಪಿಸುತ್ತಿದ್ದ ರಾಶಿ ನೈವೇದ್ಯವನ್ನು ಬಾಗಿಲು ಮುಚ್ಚಿ ತಾವೇ ಉಣ್ಣುತ್ತಾ ಬಂದರು. ಮೊದಲು ಏನೂ ಉಳಿಯುತ್ತಿರಲಿಲ್ಲ. ವ್ಯಾಧಿ ತಗ್ಗಿದಂತೆ ನೈವೇದ್ಯ ಉಳಿಯತೊಡಗಿತು. ಅದರಿಂದಲೇ ರಾಜನಿಗೆ ಗುಟ್ಟು ತಿಳಿಯಿತು. ಮುಂದೆ ಅವರು ತೀರ್ಥಂಕರರ ಸ್ತುತಿ ಮಾಡಿದಾಗ ಚಂದ್ರಪ್ರಭ ಸ್ವಾಮಿಯ ಬಿಂಬ ಪ್ರಕಟವಾದುದನ್ನು ಎಲ್ಲ ಜೈನ ಮಕ್ಕಳೂ ಕೇಳಿ ಬೆಳೆದಿದ್ದಾರೆ. ನಾವು ಹೇಳುವಾಗ ಈ ಅತಿಶಯಕ್ಕೆ ಒತ್ತು ಕೊಟ್ಟು, ಅದಕ್ಕೆ ಮೊದಲು ಗುರುಗಳು ಮಾಡಿದ ನಿರ್ಣಯವನ್ನು ಅವಸರದಲ್ಲಿ ದಾಟಿಬಿಡುತ್ತೇವೆ.

ಆ ನಿರ್ಣಯಕ್ಕೆ ಸಮಂತಭದ್ರರ ಗ್ರಂಥದಲ್ಲಿಯೇ ಆಧಾರವಿದೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಅವರು ಸಲ್ಲೇಖನಕ್ಕೆ ಯೋಗ್ಯವಾದ ಸಂದರ್ಭಗಳನ್ನು ಹೇಳುತ್ತಾರೆ: ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಆದರೆ ಇವು ಪ್ರತೀಕಾರವಿಲ್ಲದವು ಆಗಿರಬೇಕೆಂಬ ನಿಯಮವನ್ನೂ ಸೇರಿಸುತ್ತಾರೆ. ಪರಿಹಾರವಿರುವ ರೋಗ ಸಲ್ಲೇಖನಕ್ಕೆ ಕಾರಣವಾಗದು. ತಾವೊಮ್ಮೆ ಬೇಡಿ ನಿರಾಕರಿಸಲ್ಪಟ್ಟ ಅನುಭವ ಆ ಒಂದು ಪದದ ಹಿಂದೆ ಇದ್ದೀತೇ ಎಂದು ಯೋಚಿಸುವುದು ನನ್ನಂತಹ ಶ್ರಾವಕನ ಭಾವುಕತೆ ಇರಬಹುದು. ಆ ಪದವಂತೂ ಅಲ್ಲಿದೆ.

ಜಠರಾಗ್ನಿಯ ಲೆಕ್ಕ

ಭಸ್ಮಕವೆಂದರೆ ವೈದ್ಯಶಾಸ್ತ್ರದಲ್ಲಿ ಏನು? ಆಯುರ್ವೇದವು ಜಠರಾಗ್ನಿಯನ್ನು ನಾಲ್ಕಾಗಿ ವಿಂಗಡಿಸುತ್ತದೆ: ಒಮ್ಮೆ ಜೀರ್ಣಿಸಿ ಒಮ್ಮೆ ಜೀರ್ಣಿಸದ ವಿಷಮಾಗ್ನಿ, ಅತಿ ಬೇಗ ಜೀರ್ಣಿಸುವ ತೀಕ್ಷ್ಣಾಗ್ನಿ, ಸ್ವಲ್ಪವನ್ನೂ ಅರಗಿಸಲಾರದ ಮಂದಾಗ್ನಿ, ಹಿತವಾದ ಸಮಾಗ್ನಿ. ಕೋಷ್ಠವೂ ಮೃದು, ಮಧ್ಯ, ಕ್ರೂರ ಎಂದು ಮೂರು ಬಗೆ. ತೀಕ್ಷ್ಣಾಗ್ನಿ ಮಿತಿಮೀರಿದರೆ ಅದು ಮೊದಲು ಅನ್ನವನ್ನು, ಅನ್ನ ಸಿಗದಾಗ ದೇಹದ ಧಾತುಗಳನ್ನೇ ಸುಡುತ್ತದೆ ಎಂದು ಚರಕಸಂಹಿತೆಯ ಗ್ರಹಣೀ ಚಿಕಿತ್ಸೆಯ ಅಧ್ಯಾಯ ವಿವರಿಸುತ್ತದೆ. ಅಲ್ಲಿ ಹೇಳಿರುವ ಪಥ್ಯ ಗುರು, ಸ್ನಿಗ್ಧ, ಶೀತ, ಮಧುರ ಆಹಾರ. ಹಾಲು, ತುಪ್ಪ, ಪಾಯಸ. ಮೊದಲಿನದು ಅರಗುವ ಮುನ್ನವೇ ಮತ್ತೆ ಮತ್ತೆ ಕೊಡಬೇಕು, ಅಗ್ನಿಗೆ ದೇಹವನ್ನು ಸುಡಲು ಬಿಡುವು ಸಿಗಬಾರದು. ಬೇರೆಲ್ಲ ರೋಗಿಗಳಿಗೆ ಅಪಥ್ಯವಾದದ್ದೇ ಇಲ್ಲಿ ಔಷಧ. ದೇವಾಲಯದ ತುಪ್ಪ, ಸಿಹಿಗಳ ನೈವೇದ್ಯ ಈ ಪಥ್ಯಕ್ಕೆ ಎಷ್ಟು ಸಮೀಪವಾಗಿದೆ ಎಂಬುದನ್ನು ಓದುಗರು ಗಮನಿಸಬೇಕು.

ಈ ವಿದ್ಯೆ ನಮಗೆ ಹೊರಗಿನದಲ್ಲ. ಹನ್ನೆರಡನೆಯ ಪೂರ್ವವಾದ ಪ್ರಾಣಾವಾಯದಲ್ಲಿ ವೈದ್ಯವಿದ್ಯೆ ಅಡಗಿತ್ತೆಂದು ನಮ್ಮ ಪರಂಪರೆ ನಂಬುತ್ತದೆ. ೯ನೆಯ ಶತಮಾನದಲ್ಲಿ, ಶ್ರೀನಂದಿ ಆಚಾರ್ಯರ ಶಿಷ್ಯರಾದ ಉಗ್ರಾದಿತ್ಯರು ರಾಮಗಿರಿಯಲ್ಲಿ ಸಂಸ್ಕೃತದ ಕಲ್ಯಾಣಕಾರಕವನ್ನು ರಚಿಸಿದರು. ಅದರಲ್ಲಿ ಸ್ವಾಸ್ಥ್ಯರಕ್ಷಣೆ, ಧಾನ್ಯಾದಿಗಳ ಗುಣಾಗುಣ, ಅನ್ನಪಾನ ವಿಧಿಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ರೋಗದ ಪ್ರಕರಣಗಳು ಆಮೇಲೆ ಬರುತ್ತವೆ. ಕೊನೆಯ ಹಿತಾಹಿತಾಧ್ಯಾಯವು, ಔಷಧಕ್ಕೆ ಮಾಂಸ ಅನಗತ್ಯವೆಂದು ಅಮೋಘವರ್ಷ ನೃಪತುಂಗನ ಸಭೆಯಲ್ಲಿ ವೈದ್ಯವಿದ್ವಾಂಸರ ಮುಂದೆ ಮಾಡಿದ ವಾದ. ಈ ಗ್ರಂಥವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ೧೯೪೦ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದದೊಡನೆ ಪ್ರಕಟಿಸಿದರು. ಕನ್ನಡದಲ್ಲಿ ಸುಮಾರು ೧೧೫೦ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಆಧರಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ಬರೆದನು. ಸುಮಾರು ೧೫೦೮ರಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಸಸ್ಯಾಹಾರದ ಪಾಕಗ್ರಂಥವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದನು. ನಮ್ಮವರು ಅಹಿಂಸೆಯನ್ನು ಬಿಡದೆ ರೋಗಿಯನ್ನೂ ಕೈಬಿಡದೆ ಇರುವ ದಾರಿಯನ್ನು ಹುಡುಕಿದರು. ಕರ್ನಾಟಕದ ಅನೇಕ ಜೈನ ಶಾಸನಗಳು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಂದೇ ಉಸಿರಿನಲ್ಲಿ ಹೇಳುವುದೂ ಇದೇ ಕಾರಣಕ್ಕೆ ಇರಬೇಕು.

ಐದರಲ್ಲಿ ನಾಲ್ಕನೆಯದು

ಈಗ ಶೀರ್ಷಿಕೆಯ ವಿಷಯಕ್ಕೆ ಬರುತ್ತೇನೆ. ಭೋಗೋಪಭೋಗ ಪರಿಮಾಣ ವ್ರತದಲ್ಲಿ ಬಿಡಬೇಕಾದ ವಸ್ತುಗಳನ್ನು ನಮ್ಮ ಆಚಾರ್ಯರು ಐದು ಬಗೆಯಾಗಿ ಎಣಿಸುತ್ತಾರೆ: ತ್ರಸಜೀವಿಗಳ ಘಾತದಿಂದ ಬರುವವು, ಪ್ರಮಾದವನ್ನುಂಟುಮಾಡುವವು, ಅಲ್ಪಫಲಕ್ಕೆ ಬಹುಜೀವಗಳ ಘಾತವಾಗುವವು, ಅನಿಷ್ಟವಾದವು, ಅನುಪಸೇವ್ಯವಾದವು. ಮಾಂಸ, ಮಧು, ಮದ್ಯ, ಕಂದಮೂಲ ಎಂದು ಮೊದಲ ಮೂರನ್ನು ನಮ್ಮ ಮನೆಯ ಚಿಕ್ಕ ಮಗುವೂ ಹೇಳಬಲ್ಲದು. ನಾಲ್ಕನೆಯದನ್ನು ಕೇಳಿದರೆ ದೊಡ್ಡವರೂ ಸುಮ್ಮನಾಗುತ್ತಾರೆ.

ಅನಿಷ್ಟವೆಂದರೇನು? ತತ್ತ್ವಾರ್ಥದ ಟೀಕೆಯಲ್ಲಿ ಪೂಜ್ಯಪಾದರು ಇದನ್ನು ಅವಶ್ಯಕತೆಗೆ ಮೀರಿದ ವಾಹನ, ಆಭರಣಗಳಿಗೆ ಅನ್ವಯಿಸುತ್ತಾರೆ. ರತ್ನಕರಂಡಕಕ್ಕೆ ಟೀಕೆ ಬರೆದ ಪ್ರಭಾಚಂದ್ರರು ಆಹಾರದ ಅರ್ಥವನ್ನು ಸ್ಪಷ್ಟಪಡಿಸುತ್ತಾರೆ: ಹೊಟ್ಟೆಶೂಲೆ ಮೊದಲಾದವಕ್ಕೆ ಕಾರಣವಾಗಿ ತನ್ನ ಪ್ರಕೃತಿಗೆ ಸಾತ್ಮ್ಯವಾಗದ ಪದಾರ್ಥವೇ ಅನಿಷ್ಟ. ಪದಾರ್ಥ ಶುದ್ಧವಾಗಿರಬಹುದು, ಜೀವಹಿಂಸೆಯಿಲ್ಲದ್ದಾಗಿರಬಹುದು, ಪಕ್ಕದವನಿಗೆ ಅಮೃತವೇ ಆಗಿರಬಹುದು. ನಿನ್ನ ದೇಹಕ್ಕೆ ಒಗ್ಗದಿದ್ದರೆ ನಿನಗದು ತ್ಯಾಜ್ಯ. ಉಳಿದ ನಾಲ್ಕರ ಪಟ್ಟಿಯನ್ನು ಎಲ್ಲರಿಗೂ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬಹುದು. ಇದೊಂದರ ಪಟ್ಟಿಯನ್ನು ಒಬ್ಬೊಬ್ಬರೂ ತಮ್ಮ ದೇಹವನ್ನು ನೋಡಿಯೇ ಬರೆದುಕೊಳ್ಳಬೇಕು.

ತಪಸ್ಸಿಗೂ ಇದೇ ಅಳತೆ. ಷೋಡಶ ಭಾವನೆಗಳಲ್ಲಿ ತ್ಯಾಗ ಮತ್ತು ತಪಗಳಿಗೆ "ಶಕ್ತಿತಃ" ಎಂಬ ವಿಶೇಷಣವಿದೆ. ಶಕ್ತಿಯನ್ನು ಅಡಗಿಸಲೂಬಾರದು, ಮೀರಲೂಬಾರದು. ಬಾಹ್ಯತಪಗಳ ಪಟ್ಟಿಯಲ್ಲಿ ಅನಶನದ ಮಗ್ಗುಲಲ್ಲಿಯೇ ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗಗಳಿವೆ. ಪೂರ್ಣ ಆಹಾರವೆಂದರೆ ಪುರುಷರಿಗೆ ೩೨ ತುತ್ತು, ಸ್ತ್ರೀಯರಿಗೆ ೨೮ ಎಂದು ಹೇಳಿ, ಅದಕ್ಕಿಂತ ಒಂದು ತುತ್ತು ಕಡಿಮೆಯಾದರೂ ಅವಮೌದರ್ಯವೆಂದು ಪರಿಗಣಿಸಿದ ಪರಂಪರೆ ನಮ್ಮದು. ಶ್ವೇತಾಂಬರ ಬಂಧುಗಳ ಪ್ರತ್ಯಾಖ್ಯಾನ ಪಾಠಗಳಲ್ಲಿಯೂ ತೀವ್ರ ಅಸ್ವಾಸ್ಥ್ಯದಂತಹ ಸಂದರ್ಭಕ್ಕೆ ಆಗಾರ, ಅಂದರೆ ವಿನಾಯಿತಿ, ವ್ರತ ತೆಗೆದುಕೊಳ್ಳುವಾಗಲೇ ಸೇರಿರುತ್ತದೆ. ಉಪವಾಸ ಮಾಡಲಾರದವನು ತಪಸ್ಸಿನಿಂದ ಹೊರಗುಳಿದವನೆಂಬ ಭಾವನೆ ಶಾಸ್ತ್ರದ್ದಲ್ಲ. ಅದು ನನ್ನ ಧ್ವನಿವರ್ಧಕ ಸೃಷ್ಟಿಸಿದ್ದು.

ಇಂದಿನ ವಿಜ್ಞಾನದ ಸಾಕ್ಷ್ಯ

ಹಳೆಯ ಮಾತಿಗೆ ಹೊಸ ವಿಜ್ಞಾನದ ಮುದ್ರೆ ಒತ್ತಿ ಹೆಮ್ಮೆಪಡುವ ಚಪಲ ನಮ್ಮಲ್ಲಿ ಹೆಚ್ಚು. ನಾನು ಅದನ್ನು ಮಾಡಲಾರೆ. ಜಠರಾಗ್ನಿಯ ಕಲ್ಪನೆ ಬೇರೆ, ಇಂದಿನ ಶರೀರವಿಜ್ಞಾನ ಬೇರೆ. ಆದರೂ ಹೊಟ್ಟೆಗೂ ದೇಹದ ಉಳಿದ ವ್ಯವಸ್ಥೆಗೂ ಇರುವ ಸಂಬಂಧವನ್ನು ಪಾಶ್ಚಾತ್ಯ ವಿಜ್ಞಾನ ಹೇಗೆ ಕಂಡುಕೊಂಡಿತೆಂಬುದು ತಿಳಿಯಬೇಕಾದ ಇತಿಹಾಸವೇ. ೧೯೦೨ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು, ಜಠರದ ಆಮ್ಲ ಸಣ್ಣ ಕರುಳಿಗೆ ಇಳಿದಾಗ ಕರುಳಿನ ಗೋಡೆ ಒಂದು ರಸವನ್ನು ರಕ್ತಕ್ಕೆ ಬಿಟ್ಟು ಮೇದೋಜೀರಕ ಗ್ರಂಥಿಗೆ ಸಂದೇಶ ಕಳುಹಿಸುವುದನ್ನು ಕಂಡರು. ಅದಕ್ಕೆ ಸಿಕ್ರೆಟಿನ್ ಎಂದು ಹೆಸರಿಟ್ಟರು. ೧೯೦೫ರಲ್ಲಿ ಸ್ಟಾರ್ಲಿಂಗ್ ಇಂತಹ ಸಂದೇಶವಾಹಕಗಳಿಗೆ ಹಾರ್ಮೋನು ಎಂಬ ಪದವನ್ನು ಬಳಸಿದರು. ಆ ಹೆಸರು ಪಡೆದ ವಸ್ತುಗಳಿಗೆ ಮೊದಲ ಮಾದರಿ ದೊರೆತದ್ದು ಕರುಳಿನಲ್ಲಿ ಎಂಬುದು ಗಮನಾರ್ಹ. ಮೇದೋಜೀರಕ ಗ್ರಂಥಿಯ ಇನ್ಸುಲಿನ್ ೧೯೨೧ರಲ್ಲಿ ಟೊರಾಂಟೊದಲ್ಲಿ ಬೇರ್ಪಟ್ಟು, ೧೯೨೨ರ ಜನವರಿಯಲ್ಲಿ ಮೊದಲ ರೋಗಿಗೆ ಚುಚ್ಚಲ್ಪಟ್ಟಿತು.

ಭಸ್ಮಕದ ಲಕ್ಷಣಗಳನ್ನು ಇಂದಿನ ವೈದ್ಯರ ಮುಂದಿಟ್ಟರೆ ಅವರಿಗೆ ಎರಡು ರೋಗಗಳು ನೆನಪಾಗುತ್ತವೆ. ಥೈರಾಯ್ಡ್ ಗ್ರಂಥಿಯ ರಸ ಹೆಚ್ಚಾದಾಗ ಎಷ್ಟು ಉಂಡರೂ ತೂಕ ಇಳಿಯುತ್ತದೆ. ಹಿಡಿತವಿಲ್ಲದ ಮಧುಮೇಹದಲ್ಲಿಯೂ ಹಾಗೆಯೇ. ಸಮಂತಭದ್ರರಿಗೆ ಇದ್ದದ್ದು ಯಾವುದೆಂದು ಹೇಳುವುದು ಅವಿವೇಕ. ಆದರೆ ವ್ಯತ್ಯಾಸವನ್ನು ನೋಡಿ: ಮೊದಲನೆಯವನಿಗೆ ಚಿಕಿತ್ಸೆಯೊಡನೆ ಹೆಚ್ಚಿನ ಪುಷ್ಟಿಯ ಆಹಾರ ಬೇಕಾಗಬಹುದು. ಎರಡನೆಯವನಿಗೆ ಅದೇ ಪಾಯಸದ ರಾಶಿ ವಿಷವಾಗಬಹುದು. ಹೊರಗೆ ಕಾಣುವ ಹಸಿವು ಒಂದೇ, ಒಳಗಿನ ಕಾರಣ ಬೇರೆ, ಪಥ್ಯವೂ ಬೇರೆ. ಆದುದರಿಂದ ಆಚಾರ್ಯರ ಕಥೆಯಿಂದ ನಾವು ಆಹಾರದ ಪಟ್ಟಿಯನ್ನು ತೆಗೆದುಕೊಳ್ಳಬಾರದು. ಪರೀಕ್ಷಿಸಿ ನಿರ್ಣಯಿಸುವ ವಿವೇಕವನ್ನು ತೆಗೆದುಕೊಳ್ಳಬೇಕು.

ಗೋಧಿಗಿಂತ ನಿರ್ದೋಷವಾದ ಧಾನ್ಯ ಯಾವುದಿದೆ? ಆದರೂ ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ, ಸೀಲಿಯಾಕ್ ರೋಗದ ಮಕ್ಕಳು ಗೋಧಿ ಬಿಟ್ಟರೆ ಚೇತರಿಸಿಕೊಳ್ಳುವುದನ್ನು ಕಂಡರು. ೧೯೪೪–೪೫ರ ಚಳಿಗಾಲದ ಕ್ಷಾಮದಲ್ಲಿ ಬ್ರೆಡ್ ಸಿಗದ ಸ್ಥಿತಿ ಅವರ ಅನುಮಾನವನ್ನು ಬಲಪಡಿಸಿತು. ೧೯೫೦ರಲ್ಲಿ ಅವರ ಪ್ರಬಂಧ ಹೊರಬಂದಿತು. ಆ ಮಕ್ಕಳಿಗೆ ಗೋಧಿಯೇ ಅನಿಷ್ಟ. ೨೦೧೫ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ೮೦೦ ಜನರ ರಕ್ತದ ಸಕ್ಕರೆಯನ್ನು ಒಂದು ವಾರ ಸತತವಾಗಿ ಅಳೆದರು. ಒಬ್ಬರಿಗೆ ಬಾಳೆಹಣ್ಣು ಸಕ್ಕರೆಯನ್ನು ಬಹಳ ಏರಿಸಿತು, ಬಿಸ್ಕತ್ತು ಏರಿಸಲಿಲ್ಲ, ಮತ್ತೊಬ್ಬರಲ್ಲಿ ತದ್ವಿರುದ್ಧ. ಕರುಳಿನ ಸೂಕ್ಷ್ಮಜೀವಿಗಳ ಭೇದವೂ ಇದಕ್ಕೆ ಸಂಬಂಧಿಸಿದೆಯೆಂದು ಅವರು ತೋರಿಸಿದರು.

ಒಬ್ಬ ವ್ಯಾಪಾರಿಯಾಗಿ ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ಇಂತಹ ಸಂಶೋಧನೆಗಳ ಬೆನ್ನಿಗೇ, ಉಗುಳಿನ ಮಾದರಿ ಕಳುಹಿಸಿದರೆ ನಿಮ್ಮೊಬ್ಬರಿಗೇ ತಕ್ಕ ಆಹಾರಪಟ್ಟಿ ಕೊಡುತ್ತೇವೆನ್ನುವ ವ್ಯಾಪಾರವೂ ಹುಟ್ಟಿಕೊಂಡಿದೆ. ವಿಜ್ಞಾನ ಇನ್ನೂ ತೂಗುತ್ತಿರುವುದನ್ನು ಮಾರುಕಟ್ಟೆ ಆಗಲೇ ಬಿಲ್ಲು ಹರಿದು ಮಾರುತ್ತಿದೆ. ನಮಗೆ ಮೊದಲು ಬೇಕಾದದ್ದು ಅಷ್ಟು ದುಬಾರಿಯಲ್ಲ: ನಮ್ಮನ್ನು ಬಲ್ಲ ವೈದ್ಯರು, ಒಂದು ರಕ್ತಪರೀಕ್ಷೆ, ಯಾವುದನ್ನು ಉಂಡಾಗ ಏನಾಯಿತೆಂದು ಬರೆದಿಡುವ ಒಂದು ಪುಸ್ತಕ. ಅಂಗಡಿಯ ಜಮಾ-ಖರ್ಚನ್ನು ಪ್ರತಿದಿನ ಬರೆಯುವ ನಾವು ಹೊಟ್ಟೆಯ ಲೆಕ್ಕವನ್ನು ಒಂದು ತಿಂಗಳಾದರೂ ಬರೆಯಲಾರೆವೇ?

ಟ್ರಸ್ಟುಗಳೂ ಮನೆಗಳೂ ಮಾಡಬಹುದಾದದ್ದು

ಬಸದಿಗಳ ಟ್ರಸ್ಟುಗಳಿಗೆ ಕೆಲವು ಸೂಚನೆಗಳನ್ನು ವಿನಯದಿಂದ ಮುಂದಿಡುತ್ತೇನೆ. ಮೊದಲನೆಯದಾಗಿ, ಉಪವಾಸ ಮಾಡಿದವರ ಹೆಸರುಗಳನ್ನು ಸಾರುವುದನ್ನು ನಿಲ್ಲಿಸಬೇಕು. ಹೊಗಳಿಕೆಯ ಆಸೆಯಿಂದ ಮಾಡಿದ ತಪಸ್ಸು ನಿರ್ಜರೆಗೆ ಸಾಧಕವಲ್ಲವೆಂದು ನಾವೇ ಪ್ರವಚನ ಮಾಡಿಸುತ್ತೇವೆ. ಎರಡನೆಯದಾಗಿ, ಪರ್ವಕ್ಕೆ ಎರಡು ವಾರ ಮೊದಲು, ಮಧುಮೇಹ, ರಕ್ತದೊತ್ತಡ, ಥೈರಾಯ್ಡ್, ಮೂತ್ರಪಿಂಡದ ತೊಂದರೆ ಇರುವವರೂ ಗರ್ಭಿಣಿಯರೂ ವೈದ್ಯರನ್ನು ಕಾಣಬೇಕೆಂದು ಸೂಚನಾಫಲಕದಲ್ಲಿ ಬರೆಯಬೇಕು. ಇನ್ಸುಲಿನ್ ಮತ್ತು ಸಕ್ಕರೆ ಇಳಿಸುವ ಕೆಲವು ಮಾತ್ರೆಗಳು ಉಪವಾಸದಲ್ಲಿ ಅಪಾಯಕಾರಿ. ಪ್ರಮಾಣವನ್ನು ವೈದ್ಯರೇ ಬದಲಿಸಬೇಕು, ನೆರೆಮನೆಯವರಲ್ಲ. ಥೈರಾಯ್ಡ್ ಮಾತ್ರೆಯನ್ನು ಬರಿಯ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಕಾಫಿ, ಹಾಲು, ಕಬ್ಬಿಣದ ಮಾತ್ರೆಗಳಿಗೆ ಅಂತರ ಬಿಡಬೇಕೆಂಬುದೂ ಅನೇಕರಿಗೆ ತಿಳಿದಿಲ್ಲ. ಮೂರನೆಯದಾಗಿ, ಪಾರಣೆಯ ಊಟದಲ್ಲಿ ಸಿಹಿಯಿಲ್ಲದ, ಕಾರವಿಲ್ಲದ, ಮೆತ್ತಗಿನ ಒಂದು ಪಂಕ್ತಿಯನ್ನೂ ಏರ್ಪಡಿಸಬೇಕು; ಬಡಿಸುವವರು "ಇನ್ನೊಂದು ಹೋಳಿಗೆ" ಎಂದು ಬಲವಂತ ಮಾಡಬಾರದು. ದಾತೃವಿನ ಗುಣಗಳಲ್ಲಿ ವಿಜ್ಞಾನವೂ ಒಂದೆಂದು ಜಿನಸೇನಾಚಾರ್ಯರು ಎಣಿಸಿದ್ದಾರೆ. ಮುನಿಗಳಿಗೆ ಆಹಾರ ಕೊಡುವಾಗ ಅವರಿಗೆ ಜ್ವರವೇ, ಪಿತ್ತವೇ ಎಂದು ಗಮನಿಸುವ ನಮ್ಮ ಹೆಣ್ಣುಮಕ್ಕಳಿಗೆ ಆ ವಿಜ್ಞಾನ ಸಹಜವಾಗಿಯೇ ಇದೆ. ಅದನ್ನು ಮನೆಯ ಅಜ್ಜಿಗೂ ಅನ್ವಯಿಸಿದರೆ ಸಾಕು.

ಕೊನೆಯದಾಗಿ, ವ್ರತದಲ್ಲಿದ್ದವರು ಬೆವತು ತೊದಲಿದರೆ, ಎಚ್ಚರವಿದ್ದು ನುಂಗಬಲ್ಲವರಾಗಿದ್ದರೆ, ಕೂಡಲೇ ಸಕ್ಕರೆಯ ಅಥವಾ ಬೆಲ್ಲದ ನೀರು ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ವ್ರತಭಂಗದ ಚರ್ಚೆ ಆಮೇಲೆ. ಪ್ರಾಯಶ್ಚಿತ್ತಕ್ಕೆ ನಮ್ಮಲ್ಲಿ ಅವಕಾಶವಿದೆ. ಹೋದ ಪ್ರಾಣಕ್ಕೆ ಪ್ರಾಯಶ್ಚಿತ್ತವಿಲ್ಲ.

ಆ ಘಟನೆಯ ಮರುವರ್ಷ ನಾನು ಪಟ್ಟಿ ಓದಲಿಲ್ಲ. ಕೆಲವರಿಗೆ ಬೇಸರವಾಯಿತು, ಟ್ರಸ್ಟಿನ ಸಭೆಯಲ್ಲಿ ಮಾತೂ ಕೇಳಿದೆ. ಅತ್ತಿಗೆಯವರು ವೈದ್ಯರನ್ನು ಕೇಳಿ, ಹತ್ತು ದಿನವೂ ಹೊತ್ತುಹೊತ್ತಿಗೆ ಮಿತವಾಗಿ ಉಂಡು, ಪ್ರತಿ ಊಟದಲ್ಲಿಯೂ ಇಷ್ಟವಾದದ್ದೊಂದನ್ನು ಬಿಟ್ಟು, ಮಧ್ಯಾಹ್ನ ರತ್ನಕರಂಡಕದ ಸ್ವಾಧ್ಯಾಯ ಮಾಡಿದರು. ಅನಂತ ಚತುರ್ದಶಿಯ ಸಂಜೆ, ಸೂರ್ಯಾಸ್ತಕ್ಕೆ ಮುನ್ನ, ತಟ್ಟೆಯ ಮುಂದೆ ಕುಳಿತಿದ್ದ ಅವರನ್ನು ಹಾದುಹೋಗುತ್ತಿದ್ದ ಒಬ್ಬರು, "ಈ ಸಲ ಉಪವಾಸ ಇಲ್ಲವೇ, ಅಮ್ಮಾ?" ಎಂದು ಕೇಳಿದರು. ಅತ್ತಿಗೆ ತಲೆಯೆತ್ತಿ, "ಸಮಂತಭದ್ರರ ಗುರುಗಳ ಅಪ್ಪಣೆ" ಎಂದು ಹೇಳಿ ಊಟ ಮುಂದುವರಿಸಿದರು.